ಹೊಸಪೇಟೆ: ಒಂದು ಅರಸುಪಟ್ಟಣದ ಸ್ಥಾಪನೆ, ನೀರು ಮತ್ತು ಕೇರಿ ಸಂಪ್ರದಾಯಗಳು

ವಿಜಯನಗರ ಕುರಿತ ಅಧ್ಯಯನಗಳು ಸಹಜವಾಗಿಯೇ ಹಂಪಿಯನ್ನು ಕೇಂದ್ರವಾಗಿಟ್ಟುಕೊಂಡು ಬೆಳೆದಿವೆ. ದೇವಾಲಯ, ಬಜಾರು, ಅರಮನೆಯ ನೆಲೆಗಟ್ಟು, ಕೋಟೆಗೋಡೆಗಳ ಬಗೆಗೆ ಒಂದು ಶತಮಾನಕ್ಕೂ ಮಿಕ್ಕ ಸಂಶೋಧನೆ ನಡೆದಿದೆ. ಆದರೆ ಹಂಪಿಯಿಂದ ಸುಮಾರು 12 ಕಿಲೋಮೀಟರ್ ದೂರದಲ್ಲಿರುವ ಹೊಸಪೇಟೆ ಈ ಅಧ್ಯಯನಗಳಲ್ಲಿ ಬಹುಮಟ್ಟಿಗೆ ರೈಲು ನಿಲ್ದಾಣವಾಗಿ, ತಂಗುದಾಣವಾಗಿ ಮಾತ್ರ ಕಾಣಿಸಿಕೊಳ್ಳುತ್ತದೆ. ವಸ್ತುತಃ ಹೊಸಪೇಟೆಯೂ ವಿಜಯನಗರದ ಅರಸರು ಉದ್ದೇಶಪೂರ್ವಕವಾಗಿ ಸ್ಥಾಪಿಸಿದ ಪಟ್ಟಣವೇ. 1565ರ ಯುದ್ಧದ ತರುವಾಯ ರಾಜಧಾನಿ ಹಾಳಾಯಿತು. ಅದರ ಹೆಬ್ಬಾಗಿಲಿನಂತಿದ್ದ ಈ ಹೊಸ ಪಟ್ಟಣ ಉಳಿಯಿತು. ಹೀಗೇಕಾಯಿತು ಎಂಬ ಪ್ರಶ್ನೆಗೆ ಪಟ್ಟಣದ ಸ್ಥಾಪನೆಯ ಬಗೆ, ಅದಕ್ಕೆ ಒದಗಿಸಿದ ನೀರು ಮತ್ತು ಅಲ್ಲಿ ನೆಲೆನಿಂತ ಜನರ ಸಂಪ್ರದಾಯಗಳ ಹಿನ್ನೆಲೆಯಲ್ಲಿ ಉತ್ತರ ಹುಡುಕುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಸ್ಥಾಪನೆ

ಕೃಷ್ಣದೇವರಾಯನು ಆಳ್ವಿಕೆ ನಡೆಸಿದ್ದು 1509ರಿಂದ 1529ರವರೆಗೆ. ಹೊಸಪೇಟೆಯ ಸ್ಥಾಪನೆ ಈ ಅವಧಿಯಲ್ಲಿಯೇ ಆಯಿತೆಂಬುದಕ್ಕೆ ಮುಖ್ಯ ಆಧಾರ ಇಬ್ಬರು ಪೋರ್ಚುಗೀಸರ ಬರಹಗಳು. ಡೊಮಿಂಗೊ ಪಾಯಸ್ ಸುಮಾರು 1520-22ರ ವೇಳೆಗೆ ವಿಜಯನಗರವನ್ನು ಕಂಡವನು. ಫರ್ನಾವೊ ನೂನಿಜ್ ಕುದುರೆ ವ್ಯಾಪಾರಕ್ಕೆಂದು ಬಂದು, ಅಚ್ಯುತರಾಯನ ಕಾಲದಲ್ಲಿ, ಸುಮಾರು 1535-37ರಲ್ಲಿ ತನ್ನ ವೃತ್ತಾಂತವನ್ನು ಬರೆದವನು. ಈ ಎರಡೂ ಬರಹಗಳನ್ನು ರಾಬರ್ಟ್ ಸೆವೆಲ್ 1900ರಲ್ಲಿ ಇಂಗ್ಲಿಷಿಗೆ ತಂದು ಪ್ರಕಟಿಸಿದ ಮೇಲೆ ಅವು ಚರಿತ್ರಕಾರರ ಕೈಗೆ ಸುಲಭವಾಗಿ ದೊರೆತವು. ಪಾಯಸ್ ಹೇಳುವ ‘ಹೊಸ ನಗರ’ವೇ ಇಂದಿನ ಹೊಸಪೇಟೆ ಎಂದು ಸೆವೆಲ್ ಗುರುತಿಸಿದನು. ಅನಂತರದ ವಿದ್ವಾಂಸರು ಇದನ್ನು ಒಪ್ಪಿದ್ದಾರೆ.

ಪಶ್ಚಿಮ ಕರಾವಳಿಯಿಂದ ರಾಜಧಾನಿಗೆ ಬರುವ ಹಾದಿಯಲ್ಲಿ, ಬೆಟ್ಟಸಾಲುಗಳ ನಡುವಣ ಇಕ್ಕಟ್ಟನ್ನು ದಾಟಿದೊಡನೆ ಸಿಗುವ ನೆಲೆ ಇದು. ಅಲ್ಲಿಂದ ರಾಜಧಾನಿಯವರೆಗೆ ಮನೆ, ಅಂಗಡಿಗಳೂ ಸಾಲುಮರಗಳ ನೆರಳೂ ಇದ್ದ ಹಾದಿಯೊಂದು ಸಾಗುತ್ತಿದ್ದಿತೆಂದು ಪಾಯಸ್ ವರ್ಣಿಸಿದ್ದಾನೆ. ಗೋವೆಯಿಂದ ಬಂದ ಪೋರ್ಚುಗೀಸರಿಗೆ ಅರಸನು ದರ್ಶನವಿತ್ತದ್ದು ಈ ಹೊಸ ನಗರದಲ್ಲಿಯೇ. ಅರಸನಿಗೆ ತಾನು ಕಟ್ಟಿಸಿದ ಪಟ್ಟಣದಲ್ಲಿ ಇರುವುದೆಂದರೆ ಬಲು ಇಷ್ಟವೆಂದೂ, ಮಹಾನವಮಿಯ ಉತ್ಸವಕ್ಕೆ ಅವನು ರಾಜಧಾನಿಗೆ ಮರಳುತ್ತಿದ್ದನೆಂದೂ ಅವನ ಬರಹದಿಂದ ತಿಳಿದುಬರುತ್ತದೆ. ಅಂದರೆ ಹೊಸಪೇಟೆ ಕೇವಲ ಉಪನಗರವಾಗಿರದೆ ಕೆಲಕಾಲ ಅರಸನ ವಾಸದ ನೆಲೆಯೂ ಆಗಿದ್ದಿತು.

ಹೆಸರುಗಳ ಚರಿತ್ರೆ

ಪಟ್ಟಣದ ಹೆಸರಿನ ವಿಷಯದಲ್ಲಿ ಒಂದಕ್ಕಿಂತ ಹೆಚ್ಚು ಪರಂಪರೆಗಳಿವೆ. ಅರಸನು ತನ್ನ ಪ್ರೀತಿಯ ಪತ್ನಿಗಾಗಿ ಇದನ್ನು ಕಟ್ಟಿಸಿದನೆಂಬುದು ಪೋರ್ಚುಗೀಸರು ಕೇಳಿ ಬರೆದ ಮಾತು. ಸ್ಥಳೀಯ ಪರಂಪರೆಯಲ್ಲಿ ಪಟ್ಟಣದ ಮೊದಲ ಹೆಸರು ನಾಗಲಾಪುರ. ಇದನ್ನು ಅರಸನ ತಾಯಿ ನಾಗಲಾಂಬಿಕೆಯ ಹೆಸರಿಗೆ ಜೋಡಿಸಲಾಗುತ್ತದೆ. ತುಳುವ ನರಸನಾಯಕನ ಪತ್ನಿಯೂ ಕೃಷ್ಣದೇವರಾಯನ ತಾಯಿಯೂ ಆದ ನಾಗಲೆಯ ಹೆಸರು ಆ ವಂಶದ ಶಾಸನಗಳಲ್ಲಿ ಬರುತ್ತದೆ. ಇಂದಿನ ಆಂಧ್ರಪ್ರದೇಶದ ನಾಗಲಾಪುರವನ್ನೂ ಅವನು ತಾಯಿಯ ಹೆಸರಿನಲ್ಲಿ ಸ್ಥಾಪಿಸಿದನೆಂಬ ಪ್ರತೀತಿ ಇದೆ. ಆದ್ದರಿಂದ ತಾಯಿಯ ಹೆಸರಿನ ಪರಂಪರೆಗೆ ಹೆಚ್ಚಿನ ಬಲವಿದೆ. ಪಟ್ಟದರಸಿ ತಿರುಮಲದೇವಿಯ ಹೆಸರಿನ ಪಟ್ಟಣವೂ ಇದೇ ಪರಿಸರದ್ದೆಂದು ವಿದ್ವಾಂಸರು ಗುರುತಿಸಿದ್ದಾರೆ. ಈ ಅರಸರು ರಾಜಧಾನಿಯ ಸುತ್ತ ಒಂದರ ಹಿಂದೊಂದು ಪುರಗಳನ್ನು ಕಟ್ಟಿಸಿ ಮನೆತನದವರ ಹೆಸರಿಡುವ ಪದ್ಧತಿಯನ್ನು ಅನುಸರಿಸಿದ್ದರು. ಅಚ್ಯುತರಾಯನ ರಾಣಿ ವರದಾದೇವಿಯ ಹೆಸರಿನ ಪಟ್ಟಣವು ಇಂದಿನ ಕಮಲಾಪುರದ ಬಳಿಯ ಪಟ್ಟಾಭಿರಾಮ ದೇವಾಲಯದ ಸುತ್ತ ಇದ್ದಿತು.

ಹೊಸಪೇಟೆ-ಹಂಪಿ ಹಾದಿಯಲ್ಲಿರುವ ಅನಂತಶಯನಗುಡಿ ಇದೇ ಪದ್ಧತಿಗೆ ಇನ್ನೊಂದು ನಿದರ್ಶನ. ಕೃಷ್ಣದೇವರಾಯನು ಮಗ ತಿರುಮಲನ ಹೆಸರಿನಲ್ಲಿ ಪುರವೊಂದನ್ನು ಮಾಡಿ, 1524ರಲ್ಲಿ ಅಲ್ಲಿ ಅನಂತಪದ್ಮನಾಭನಿಗೆ ದೇವಾಲಯ ಕಟ್ಟಿಸಿದನು. ಶೇಷಶಾಯಿಯಾದ ಮೂರ್ತಿಗೆಂದು ಉದ್ದಕ್ಕೆ ರಚಿಸಿದ ಆಯತಾಕಾರದ ಗರ್ಭಗೃಹ, ಅದರ ಮೇಲೆ ಎತ್ತರವಾದ ಕಮಾನಿನಾಕಾರದ ಶಿಖರ ಈ ಗುಡಿಯ ವೈಶಿಷ್ಟ್ಯ. ಗರ್ಭಗೃಹದಲ್ಲಿ ಮೂಲಮೂರ್ತಿ ಇಲ್ಲ. ಹಿಂತಿರುಗಿ ನೋಡದೆ ನಡೆದರೆ ಹಿಂದೆಯೇ ಬರುವುದಾಗಿ ದೇವರು ಅರಸನಿಗೆ ಮಾತು ಕೊಟ್ಟಿದ್ದನೆಂದೂ, ದಾರಿಯಲ್ಲಿ ಅರಸನು ತಿರುಗಿ ನೋಡಿದ್ದರಿಂದ ದೇವರು ಹೊಳಲು ಗ್ರಾಮದಲ್ಲಿಯೇ ಮಲಗಿಬಿಟ್ಟನೆಂದೂ ಐತಿಹ್ಯವಿದೆ. ಹೂವಿನಹಡಗಲಿ ತಾಲ್ಲೂಕಿನ ಹೊಳಲಿನಲ್ಲಿ ಅನಂತಶಯನ ಮೂರ್ತಿ ಇಂದಿಗೂ ಪೂಜೆಗೊಳ್ಳುತ್ತಿದೆ. ಅರಸನು ಕಟ್ಟಿಸಿದ ಗುಡಿ ಒಂದು ಊರಿನಲ್ಲಿ, ದೇವರು ಇನ್ನೊಂದು ಊರಿನಲ್ಲಿ ಉಳಿದ ಈ ಸಂಗತಿಯನ್ನು ಜನಪದರು ಅರಸನ ಅವಸರದ ಕಥೆಯನ್ನಾಗಿ ಹೇಳಿಕೊಂಡು ಬಂದಿದ್ದಾರೆ.

ಗಮನಿಸಬೇಕಾದ ಸಂಗತಿಯೆಂದರೆ, ನಾಗಲಾಪುರ, ತಿರುಮಲದೇವಿಯ ಪಟ್ಟಣ ಎಂಬ ರಾಜಮನೆತನದ ಹೆಸರುಗಳು ಜನಬಳಕೆಯಿಂದ ಬಿದ್ದುಹೋಗಿ ‘ಹೊಸಪೇಟೆ’ ಎಂಬ ಸರಳ ಹೆಸರೇ ನಿಂತಿತು. ಆಂಗ್ಲರ ದಫ್ತರಗಳಲ್ಲಿ ಅದು ‘ಹಾಸ್ಪೆಟ್’ ಆಯಿತು. 2014ರ ನವೆಂಬರ್ 1ರಂದು ಅಧಿಕೃತವಾಗಿ ಮತ್ತೆ ಹೊಸಪೇಟೆಯಾಯಿತು. ಸ್ಥಾಪಿಸಿದವರ ಹೆಸರಿಗಿಂತ ಅಲ್ಲಿ ಕೊಂಡುಮಾರಿ ಬದುಕಿದವರ ಮಾತು ಗಟ್ಟಿಯೆಂಬುದನ್ನು ಈ ಬದಲಾವಣೆ ಸೂಚಿಸುತ್ತದೆ.

ರಾಯರ ಕೆರೆ ಮತ್ತು ಒಂಬತ್ತು ವರ್ಷದ ಮಾಫಿ

ಹೊಸ ಪಟ್ಟಣದ ಜೀವಾಳವೆಂದರೆ ನೀರು. ಪಟ್ಟಣದ ದಕ್ಷಿಣಕ್ಕೆ ಸಂಡೂರು ಬೆಟ್ಟಸಾಲಿನ ಕಣಿವೆಯ ಬಾಯಿಗೆ ಅಡ್ಡಲಾಗಿ ಕೃಷ್ಣದೇವರಾಯನು ದೊಡ್ಡದೊಂದು ಕೆರೆಯ ಏರಿಯನ್ನು ಹಾಕಿಸಿದನು. ಕೆಲಸ ನಡೆಯುತ್ತಿದ್ದಾಗಲೇ ಪಾಯಸ್ ಅದನ್ನು ಕಂಡನು. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳಂತೆ ನೆಲವೇ ಕಾಣದ ಹಾಗೆ ದುಡಿಯುತ್ತಿದ್ದರೆಂಬುದು ಅವನ ಅಂದಾಜು. ನೂನಿಜನ ಪ್ರಕಾರ ಅರಸನ ಕೋರಿಕೆಯ ಮೇರೆಗೆ ಜೊವಾವ್ ದೆ ಲಾ ಪೊಂಟೆ ಎಂಬ ಪೋರ್ಚುಗೀಸ್ ಕಲ್ಲುಕೆಲಸದ ನಿಪುಣನು ಈ ಕೆಲಸಕ್ಕೆ ನೆರವಾದನು.

ಏರಿ ಸುಲಭವಾಗಿ ನಿಲ್ಲಲಿಲ್ಲ. ಹಲವು ಬಾರಿ ಒಡೆಯಿತು; ಹಗಲು ಹಾಕಿದ ಕಲ್ಲು ರಾತ್ರಿ ಕುಸಿಯಿತು. ಆಗ ಬಲಿ ಕೊಡಬೇಕೆಂಬ ಸಲಹೆ ಬಂದು, ಮನುಷ್ಯರ ಬಲಿಯೂ ನಡೆಯಿತೆಂದು ಇಬ್ಬರೂ ಬರೆದಿದ್ದಾರೆ. ಬಲಿಯಾದವರು ಅರವತ್ತು ಮಂದಿ ಎಂದು ಪಾಯಸ್ ಹೇಳಿದರೆ, ಮರಣದಂಡನೆಗೆ ಅರ್ಹರಾದ ಸೆರೆಯಾಳುಗಳೆಂದು ನೂನಿಜ್ ಹೇಳುತ್ತಾನೆ. ವಿದೇಶೀಯರ ಬರಹವೆಂದು ಇದನ್ನು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ. ಕೆರೆಗೆ ಬಲಿಯಾದವರ ನೆನಪು ಕನ್ನಡ ನಾಡಿನ ಅನೇಕ ಕೆರೆಗಳ ಐತಿಹ್ಯದಲ್ಲಿದೆ; ‘ಕೆರೆಗೆ ಹಾರ’ ಕಥನಗೀತೆಯು ಈ ನೆನಪಿನ ಅತ್ಯಂತ ಪ್ರಸಿದ್ಧ ರೂಪ. ಅಲ್ಲಿ ಬಲಿಯಾಗುವವಳು ಮನೆಯ ಕಿರಿಯ ಸೊಸೆ, ಇಲ್ಲಿ ಹೆಸರೂ ಉಳಿಯದ ಸೆರೆಯಾಳುಗಳು. ಪಟ್ಟಣದ ಸ್ಥಾಪನೆಯ ವೈಭವವನ್ನು ಹೇಳುವಾಗ ಈ ಬೆಲೆಯನ್ನೂ ಹೇಳುವುದು ಚರಿತ್ರೆಯ ಹೊಣೆ.

ನೂನಿಜ್ ಕೊಡುವ ಇನ್ನೊಂದು ವಿವರ ಇದಕ್ಕಿಂತಲೂ ಮಹತ್ವದ್ದು. ಏರಿ ನಿಂತ ಮೇಲೆ ಅದರ ತೂಬುಗಳಿಂದ ಕಾಲುವೆಗಳನ್ನು ತೆಗೆದು ಗದ್ದೆ, ತೋಟಗಳಿಗೆ ನೀರುಣಿಸಲಾಯಿತು. ಜನ ಭೂಮಿಯನ್ನು ಹಸನು ಮಾಡಿಕೊಳ್ಳಲೆಂದು ಈ ನೀರಾವರಿ ಜಮೀನನ್ನು ಅರಸನು ಒಂಬತ್ತು ವರ್ಷಗಳ ಕಾಲ ಕಂದಾಯವಿಲ್ಲದೆ ಬಿಟ್ಟುಕೊಟ್ಟನು. ಮುಂದೆ ನೂನಿಜ್ ಬರೆಯುವ ವೇಳೆಗೆ ಅದರ ಹುಟ್ಟುವಳಿ 20,000 ಪರ್ದಾವ್‌ಗಳಷ್ಟಾಗಿದ್ದಿತು. ಪರ್ದಾವ್ ಎಂದರೆ ಪೋರ್ಚುಗೀಸರು ವರಹಕ್ಕೆ ಕೊಟ್ಟ ಹೆಸರು. ಕಲ್ಲಿನ ಮೇಲೆ ಕೊರೆಯದ ಈ ಮಾಫಿಯನ್ನೇ ಹೊಸಪೇಟೆಯ ನಿಜವಾದ ಸ್ಥಾಪನಾ ಶಾಸನವೆಂದು ಭಾವಿಸಬಹುದು. ಅರಮನೆ, ಬೀದಿಗಳಿಂದ ಪಟ್ಟಣ ಹುಟ್ಟಬಹುದು. ಆದರೆ ಒಂಬತ್ತು ವರ್ಷ ನಿಶ್ಚಿಂತೆಯಿಂದ ನೆಲ ಅಗೆದ ಒಕ್ಕಲು ಅಲ್ಲಿಂದ ಸುಲಭವಾಗಿ ಎದ್ದುಹೋಗುವುದಿಲ್ಲ.

ಇದೇ ಕಾಲದಲ್ಲಿ ತುಂಗಭದ್ರೆಯಿಂದಲೂ ನೀರನ್ನು ತರಲಾಯಿತು. 1521ರಲ್ಲಿ ಕೃಷ್ಣದೇವರಾಯನು ಕೊರ್ರಗಲ್ಲಿನ ಅಣೆಕಟ್ಟನ್ನೂ ಬಸವಣ್ಣ ಕಾಲುವೆಯನ್ನೂ ನಿರ್ಮಿಸಿದನೆಂದು ಸೆವೆಲ್ ದಾಖಲಿಸಿದ್ದಾನೆ. ಬಸವಣ್ಣ ಕಾಲುವೆ ವಲ್ಲಭಾಪುರದ ಅಣೆಕಟ್ಟಿನಿಂದ ಹೊರಟು ಹೊಸಪೇಟೆಯ ಬಯಲಿಗೆ ನೀರು ತಂದಿತು. ರಾಯ, ಬೆಲ್ಲ, ಕಾಳಘಟ್ಟ, ತುರ್ತಾ ಕಾಲುವೆಗಳೂ, ನದಿಯ ಕೆಳಹರಿವಿನಲ್ಲಿ ರಾಮಸಾಗರ ಮತ್ತು ಕಂಪ್ಲಿ ಕಾಲುವೆಗಳೂ ಈ ನೀರಾವರಿ ಜಾಲಕ್ಕೆ ಸೇರಿದವು. ನದಿಯ ನಡುವಣ ಬಂಡೆಗಳನ್ನೇ ಆಸರೆಯಾಗಿಸಿಕೊಂಡು, ದೊಡ್ಡ ಕಲ್ಲುಗಳನ್ನು ಒಟ್ಟಿ ಹಾಕಿದ ತಗ್ಗು ಅಣೆಗಳು ನೀರನ್ನು ತುಸುವೇ ಎತ್ತರಿಸಿ ಕಾಲುವೆಯ ಕಡೆಗೆ ತಿರುಗಿಸುತ್ತವೆ. ಕಾಲುವೆ ನೆಲದ ಇಳಿಜಾರನ್ನು ಅನುಸರಿಸಿ ಬಂಡೆಗುಡ್ಡಗಳನ್ನು ಬಳಸಿಕೊಂಡು ಹೋಗುತ್ತದೆ. ಇಲ್ಲಿ ನೀರನ್ನು ಎತ್ತುವ ಯಂತ್ರವಾಗಲಿ, ಅದನ್ನು ನಡೆಸುವ ಅರಮನೆಯ ಆಳಾಗಲಿ ಬೇಕಿಲ್ಲ. ಹೂಳು ತೆಗೆಯುವ ಒಕ್ಕಲು ಇದ್ದರೆ ಸಾಕು.

ಕೇರಿಗಳು ಮತ್ತು ಬನ್ನಿ

ಪಟ್ಟಣದ ಹಳೆಯ ಭಾಗವು ಕೇರಿಗಳಾಗಿ ವಿಂಗಡಣೆಗೊಂಡಿದೆ. ಇವುಗಳನ್ನು ಒಟ್ಟಾಗಿ ‘ಏಳು ಕೇರಿ’ ಎಂದು ಕರೆಯುವುದು ವಾಡಿಕೆ. ಮ್ಯಾಸಕೇರಿ, ತಳವಾರಕೇರಿ, ಬಾಣದಕೇರಿ, ಉಕ್ಕಡಕೇರಿ, ಚಿತ್ರಕೇರಿ ಮೊದಲಾದ ಹೆಸರುಗಳು ಇಂದಿಗೂ ಬಳಕೆಯಲ್ಲಿವೆ. ಈ ಕೇರಿಗಳಲ್ಲಿ ಬಹುಮಟ್ಟಿಗೆ ವಾಲ್ಮೀಕಿ ನಾಯಕ ಸಮುದಾಯದವರು ನೆಲೆಸಿದ್ದಾರೆ. ಹೆಸರುಗಳನ್ನು ಪರಿಶೀಲಿಸಿದರೆ ಪಟ್ಟಣದ ಹಳೆಯ ಕಸುಬೊಂದರ ಸುಳಿವು ಸಿಗುತ್ತದೆ. ತಳವಾರನು ಊರಿನ ಕಾವಲಿನ ಹೊಣೆ ಹೊತ್ತವನು. ಉಕ್ಕಡವೆಂದರೆ ಕಾವಲಿನ ಠಾಣೆ. ಮ್ಯಾಸ ಎಂಬುದು ನಾಯಕರಲ್ಲಿಯೇ ಒಂದು ಪಂಗಡದ ಹೆಸರು. ರಾಜಧಾನಿಯ ಪಶ್ಚಿಮದ ಬಾಗಿಲನ್ನು ಕಾಯುವ ಪಟ್ಟಣದಲ್ಲಿ ಇಂಥ ಹೆಸರುಗಳು ಉಳಿದಿರುವುದು ಆಕಸ್ಮಿಕವೆನಿಸದು. ಬೆಟ್ಟದ ಇಕ್ಕಟ್ಟಿನಲ್ಲಿದ್ದ ಕಾವಲಿನ ಬಗ್ಗೆ ಪೋರ್ಚುಗೀಸರು ಬರೆದುದಕ್ಕೂ ಈ ಹೆಸರುಗಳಿಗೂ ಹೊಂದಿಕೆಯಿದೆ.

ಕೇರಿಗಳಿಗೆ ತಮ್ಮ ತಮ್ಮ ದೇವತೆಗಳಿದ್ದಾರೆ. ವಿಜಯದಶಮಿಯಂದು ಏಳು ಕೇರಿಗಳ ದೇವತೆಗಳು ಪಲ್ಲಕ್ಕಿಯೇರಿ ನಾಗೇನಹಳ್ಳಿಯ ಬಳಿಯ ಧರ್ಮದಗುಡ್ಡಕ್ಕೆ ಹೋಗುತ್ತಾರೆ. ಅಲ್ಲಿ ನಿಜಲಿಂಗಮ್ಮನ ಸನ್ನಿಧಿಯಲ್ಲಿ ಪಲ್ಲಕ್ಕಿಗಳು ಕೂಡುತ್ತವೆ. ಬನ್ನಿ ಮುಡಿದು ಜನ ಪರಸ್ಪರ ಬನ್ನಿ ವಿನಿಮಯ ಮಾಡಿಕೊಳ್ಳುತ್ತಾರೆ. ಕಿರಿಯರು ಹಿರಿಯರ ಕಾಲಿಗೆರಗುತ್ತಾರೆ. ತಮ್ಮ ಕೇರಿಯ ಪಲ್ಲಕ್ಕಿಯನ್ನು ಹೊರುವುದು ಆಯಾ ಕೇರಿಯ ಯುವಕರಿಗೆ ಹೆಮ್ಮೆಯ ಕೆಲಸ.

ಈ ಆಚರಣೆಯನ್ನು ಹಂಪಿಯ ಮಹಾನವಮಿಯೊಂದಿಗೆ ಇಟ್ಟು ನೋಡಬೇಕು. ಪಾಯಸ್ ಕಂಡ ಮಹಾನವಮಿಯಲ್ಲಿ ಅರಸನು ಸಿಂಹಾಸನದ ಸನ್ನಿಧಿಯಲ್ಲಿ ಕಾಣಿಕೆ ಸ್ವೀಕರಿಸುತ್ತಿದ್ದನು. ಆನೆ, ಕುದುರೆ, ಮಲ್ಲರು, ನರ್ತಕಿಯರು ಅವನ ಎದುರು ಸಾಗುತ್ತಿದ್ದರು. ಉತ್ಸವದ ಕೇಂದ್ರ ಅರಸನಾದುದರಿಂದ ಅರಸ ಹೋದೊಡನೆ ಉತ್ಸವವೂ ಹೋಯಿತು. ದಿಬ್ಬ ಮಾತ್ರ ಉಳಿಯಿತು. ಹೊಸಪೇಟೆಯ ದಸರೆಗೆ ಅರಸನ ಅವಶ್ಯಕತೆ ಇರಲಿಲ್ಲ. ಕೇರಿ, ಪಲ್ಲಕ್ಕಿ, ಗುಡ್ಡ, ಬನ್ನಿಮರ ಇಷ್ಟಿದ್ದರೆ ಅದು ನಡೆಯುತ್ತದೆ. ಒಂದೇ ಹಬ್ಬದ ಎರಡು ರೂಪಗಳಲ್ಲಿ ಅರಮನೆಯದು ಚರಿತ್ರೆಯ ಪುಟ ಸೇರಿದರೆ, ಕೇರಿಯದು ಬೀದಿಯಲ್ಲಿ ಉಳಿಯಿತು.

ಪತನದ ತರುವಾಯ

1565ರ ಜನವರಿಯಲ್ಲಿ ರಕ್ಕಸಗಿ-ತಂಗಡಗಿ ಯುದ್ಧದಲ್ಲಿ ರಾಮರಾಯನು ಮಡಿದ ಮೇಲೆ ರಾಜಮನೆತನ ಪೆನುಕೊಂಡೆಯತ್ತ ಸರಿಯಿತು. 1567ರಲ್ಲಿ ಬಂದ ವೆನಿಸ್ಸಿನ ವರ್ತಕ ಸೀಸರ್ ಫ್ರೆಡರಿಕನು ರಾಜಧಾನಿಯ ಮನೆಗಳು ಇನ್ನೂ ನಿಂತಿದ್ದರೂ ಬರಿದಾಗಿದ್ದವೆಂದು ಬರೆದನು. ಆದರೆ ಕಾಲುವೆಗಳು ಹರಿಯುತ್ತಲೇ ಇದ್ದವು. ಮುಂದೆ ಈ ಸೀಮೆ ಬಿಜಾಪುರದ ಸುಲ್ತಾನರು, ಮರಾಠರು, ಹೈದರ್ ಅಲಿ, ಟೀಪು ಮತ್ತು ನಿಜಾಮನ ಕೈಗಳನ್ನು ದಾಟಿ 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಸೇರಿತು. ನೆರೆಯ ಸಂಡೂರು ಘೋರ್ಪಡೆ ಮನೆತನದ ಸಂಸ್ಥಾನವಾಗಿ ಉಳಿದರೆ, ಹೊಸಪೇಟೆ ಬಳ್ಳಾರಿ ಜಿಲ್ಲೆಯ ಭಾಗವಾಗಿ ಮದರಾಸು ಪ್ರಾಂತಕ್ಕೆ ಸೇರಿತು. ಕಂಪನಿಯ ಆಡಳಿತಕ್ಕೂ ವಿಜಯನಗರದ ಕಾಲುವೆಗಳ ನೀರೇ ಕಂದಾಯದ ಆಧಾರವಾಯಿತು. 1904ರಲ್ಲಿ ಪ್ರಕಟವಾದ ಬಳ್ಳಾರಿ ಜಿಲ್ಲಾ ಗೆಜೆಟಿಯರ್ ಈ ಕಾಲುವೆಗಳಿಗೆ ಸಾಕಷ್ಟು ಗಮನ ಕೊಟ್ಟಿದೆ. 1880ರ ದಶಕದಲ್ಲಿ ರೈಲುಮಾರ್ಗ ಬಂದ ಮೇಲೆ ಹೊಸಪೇಟೆಯ ಭತ್ತ, ಬೆಲ್ಲ, ಬಾಳೆಗಳಿಗೆ ದೂರದ ಮಾರುಕಟ್ಟೆ ಸಿಕ್ಕಿತು.

ಇಲ್ಲೊಂದು ವೈಪರೀತ್ಯವಿದೆ. ಅಷ್ಟು ಜನರ ಶ್ರಮ, ಪ್ರಾಣಗಳನ್ನು ತೆಗೆದುಕೊಂಡ ರಾಯರ ಕೆರೆ ಶಾಶ್ವತವಾಗಿ ಉಳಿಯಲಿಲ್ಲ. ಸೆವೆಲ್ ಬರೆಯುವ ಕಾಲಕ್ಕಾಗಲೇ ಅದು ಒಣಗಿ ಬಹುಕಾಲವಾಗಿದ್ದಿತು. ಅದರ ಭಾರಿ ಏರಿಯ ಮೇಲೆ ದಕ್ಷಿಣದ ತಾಲ್ಲೂಕುಗಳಿಗೆ ಹೋಗುವ ಹೆದ್ದಾರಿ ಹಾಯ್ದಿತ್ತು. ಕೆರೆಯಂಗಳ ಹೊಲವಾಯಿತು. ಸದ್ದುಗದ್ದಲವಿಲ್ಲದೆ ಹರಿದ ಕಾಲುವೆಗಳೇ ಪಟ್ಟಣವನ್ನು ಸಾಕಿದವು.

ಅಣೆಕಟ್ಟೆಯ ಯುಗ

1945ರಲ್ಲಿ ತುಂಗಭದ್ರಾ ಅಣೆಕಟ್ಟೆಗೆ ಶಂಕುಸ್ಥಾಪನೆಯಾಯಿತು. 1953ರಲ್ಲಿ ಜಲಾಶಯದಲ್ಲಿ ನೀರು ನಿಂತಿತು. ಅದೇ ವರ್ಷದ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. ವಲ್ಲಭಾಪುರದ ಹಳೆಯ ಅಣೆ ಜಲಾಶಯದಲ್ಲಿ ಮುಳುಗಿತು; ಬಸವಣ್ಣ ಮತ್ತು ರಾಯ ಕಾಲುವೆಗಳು ಜಲಾಶಯದಿಂದಲೇ ನೀರು ಪಡೆಯತೊಡಗಿದವು. ಅನೇಕ ಗ್ರಾಮಗಳೂ ಮುಳುಗಿದವು. ನಾರಾಯಣದೇವರಕೆರೆಯ ಜನ ಮರಿಯಮ್ಮನಹಳ್ಳಿಗೆ ಬಂದು ಹೊಸದಾಗಿ ಬದುಕು ಕಟ್ಟಿಕೊಂಡರು. ಹದಿನಾರನೆಯ ಶತಮಾನದಲ್ಲಿ ನೀರು ಒಂದು ಹೊಸ ಪೇಟೆಯನ್ನು ಹುಟ್ಟಿಸಿದರೆ, ಇಪ್ಪತ್ತನೆಯ ಶತಮಾನದಲ್ಲಿ ನೀರೇ ಹಳೆಯ ಊರುಗಳನ್ನು ಎಬ್ಬಿಸಿತು. ಇವರಿಗೆ ಸಿಕ್ಕಿದ್ದು ಪರಿಹಾರ. ಕೃಷ್ಣದೇವರಾಯನ ಒಕ್ಕಲಿಗೆ ಸಿಕ್ಕಿದ್ದು ನೆಲ ಮತ್ತು ಕಾಲಾವಕಾಶ. ಈ ವ್ಯತ್ಯಾಸ ಚಿಂತನಾರ್ಹ.

ಹೂಳಿನ ಸಮಸ್ಯೆಯೂ ಮರಳಿ ಬಂದಿದೆ. ಆರಂಭದಲ್ಲಿ ಸುಮಾರು 133 ಟಿಎಂಸಿ ಅಡಿಗಳಷ್ಟಿದ್ದ ಜಲಾಶಯದ ಸಾಮರ್ಥ್ಯ ಹೂಳು ತುಂಬಿ ಸುಮಾರು 105 ಟಿಎಂಸಿ ಅಡಿಗಳಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು ಕೊಚ್ಚಿಹೋದಾಗ ನದಿಪಾತ್ರದ ಊರುಗಳು ಆತಂಕಕ್ಕೊಳಗಾದವು. ಹರಿಯುವ ನೀರಿಗೆ ಅಡ್ಡಲಾಗಿ ತಾತ್ಕಾಲಿಕ ತಡೆಯನ್ನು ಇಳಿಸಿ, ಒಂದು ವಾರದೊಳಗೆ ನೀರನ್ನು ನಿಲ್ಲಿಸಲಾಯಿತು. ಪದೇ ಪದೇ ಒಡೆದ ರಾಯರ ಕೆರೆಯ ಏರಿಯ ನೆನಪು ಇಂಥ ಸಂದರ್ಭದಲ್ಲಿ ಬರುವುದು ಸಹಜ. ನೀರನ್ನು ಕಟ್ಟುವುದಕ್ಕಿಂತ ಕಟ್ಟಿದ್ದನ್ನು ಕಾಯುವುದು ದೊಡ್ಡ ಕೆಲಸವೆಂಬ ಪಾಠ ಈ ಪಟ್ಟಣಕ್ಕೆ ಐದು ಶತಮಾನ ಹಳೆಯದು.

ಒಂದು ಹೋಲಿಕೆ

ಸಂಕಲ್ಪಪೂರ್ವಕವಾಗಿ ಸ್ಥಾಪಿತವಾದ ಸಣ್ಣ ಪಟ್ಟಣಗಳು ತಮ್ಮ ಪರಂಪರೆಯನ್ನು ಹೇಗೆ ಉಳಿಸಿಕೊಂಡಿವೆ ಎಂಬುದಕ್ಕೆ ಹೊರಜಗತ್ತಿನ ಒಂದು ನಿದರ್ಶನ ಇಲ್ಲಿ ಉಪಯುಕ್ತ. ಧಾರ್ಮಿಕ ಕಿರುಕುಳ ತಾಳಲಾರದೆ ನೆಲೆಬಿಟ್ಟ ಮೊರೇವಿಯನ್ ಕ್ರೈಸ್ತರು 1722ರಲ್ಲಿ ಸ್ಯಾಕ್ಸನಿಯಲ್ಲಿ ಹೆರ್ನ್‌ಹೂಟ್ ಎಂಬ ಊರನ್ನು ಕಟ್ಟಿದರು. ಅದೇ ಸಮುದಾಯದವರು 1741ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಬೆತ್ಲೆಹೆಮ್ ಪಟ್ಟಣವನ್ನು ಸ್ಥಾಪಿಸಿದರು. ಅವಿವಾಹಿತ ಪುರುಷರು, ಅವಿವಾಹಿತ ಸ್ತ್ರೀಯರು, ವಿಧವೆಯರು ಎಂದು ಗುಂಪುಗಳಾಗಿ ವಾಸಿಸುವ ಮನೆಗಳು, ಎಲ್ಲರಿಗೂ ಒಂದೇ ಬಗೆಯ ಸಮಾಧಿಕಲ್ಲು, ಊರಿಗೆ ನೀರೆತ್ತುವ 1762ರ ಜಲಯಂತ್ರದ ಕಟ್ಟಡ ಇವು ಬೆತ್ಲೆಹೆಮ್ಮಿನ ವೈಶಿಷ್ಟ್ಯಗಳು. 2024ರ ಜುಲೈನಲ್ಲಿ ನವದೆಹಲಿಯಲ್ಲಿ ನಡೆದ ಅಧಿವೇಶನದಲ್ಲಿ ಹೆರ್ನ್‌ಹೂಟ್, ಬೆತ್ಲೆಹೆಮ್ ಮೊದಲಾದ ಈ ಊರುಗಳು ಯುನೆಸ್ಕೊದ ವಿಶ್ವಪರಂಪರೆಯ ಪಟ್ಟಿಯಲ್ಲಿ ಸೇರಿದವು.

ಅರಸನ ಸಂಕಲ್ಪದಿಂದ ಹುಟ್ಟಿದ ಪಟ್ಟಣಕ್ಕೂ ಭಕ್ತರ ಸಂಕಲ್ಪದಿಂದ ಹುಟ್ಟಿದ ಪಟ್ಟಣಕ್ಕೂ ಅಂತರ ದೊಡ್ಡದು. ಆದರೂ ಕೇರಿಯ ವಿಂಗಡಣೆ, ನೀರಿನ ವ್ಯವಸ್ಥೆ, ವರ್ಷವರ್ಷವೂ ಮರುಕಳಿಸುವ ಆಚರಣೆ ಈ ಮೂರೂ ಎರಡೂ ಕಡೆ ಪಟ್ಟಣದ ನೆನಪನ್ನು ಹಿಡಿದಿಟ್ಟಿವೆ. ಅಲ್ಲಿ ಜನ ಬಾಳುತ್ತಿರುವ ಊರೇ ಪರಂಪರೆಯೆನಿಸಿತು. ಇಲ್ಲಿ 1986ರಲ್ಲಿ ವಿಶ್ವಪರಂಪರೆಯ ಮನ್ನಣೆ ದೊರೆತದ್ದು ಹಂಪಿಯ ಸ್ಮಾರಕಗಳಿಗೆ. ಅವುಗಳ ನೆರೆಯ ಜೀವಂತ ಪಟ್ಟಣ ಆ ದೃಷ್ಟಿಗೆ ಬೀಳಲಿಲ್ಲ.

ಸಮಾರೋಪ

2021ರಲ್ಲಿ ವಿಜಯನಗರ ಜಿಲ್ಲೆ ಅಸ್ತಿತ್ವಕ್ಕೆ ಬಂದು ಹೊಸಪೇಟೆ ಅದರ ಕೇಂದ್ರಸ್ಥಾನವಾಯಿತು. ಕೃಷ್ಣದೇವರಾಯನ ಕಾಲದ ಬಳಿಕ ಆಡಳಿತದ ಹಿರಿಮೆ ಈ ಪಟ್ಟಣಕ್ಕೆ ಮತ್ತೆ ಬಂದಿತೆನ್ನಬಹುದು. ಎರಡು ಲಕ್ಷಕ್ಕೂ ಮಿಕ್ಕ ಜನರ ನಗರವಾಗಿ ಬೆಳೆದ ಹೊಸಪೇಟೆಯಲ್ಲಿ ಗದ್ದೆಗಳು ಬಡಾವಣೆಗಳಾಗುತ್ತಿವೆ. ಗದ್ದೆಯಿಲ್ಲದ ಕಡೆ ಕಾಲುವೆ ಚರಂಡಿಯಾಗುವ ಅಪಾಯವಿದೆ. ಕಾಲುವೆಗಳ ಆಧುನೀಕರಣದ ಕಾಮಗಾರಿ ನಡೆದಿರುವುದು ಸಮಾಧಾನದ ಸಂಗತಿಯಾದರೂ, ಅವುಗಳ ಮೂಲರಚನೆ, ತೂಬು, ಹಳೆಯ ಹೆಸರುಗಳ ವಿವರವಾದ ದಾಖಲೆಯೂ ಜೊತೆಯಲ್ಲಿಯೇ ಆಗಬೇಕಾಗಿದೆ. ರಾಯರ ಕೆರೆಯ ಏರಿ, ಅನಂತಶಯನಗುಡಿ, ಏಳು ಕೇರಿ, ಧರ್ಮದಗುಡ್ಡ, ಬಸವಣ್ಣ ಕಾಲುವೆ ಇವುಗಳನ್ನು ಒಂದೇ ಪಟ್ಟಣದ ಅಂಗಗಳೆಂದು ಕೂಡಿಸಿ ನೋಡುವ ಸಮೀಕ್ಷೆ ಅಗತ್ಯ.

ಒಟ್ಟಿನಲ್ಲಿ, ಹೊಸಪೇಟೆಯನ್ನು ಸ್ಥಾಪಿಸಿದ್ದು ಅರಸ. ಉಳಿಸಿದವರು ಒಂಬತ್ತು ವರ್ಷದ ಮಾಫಿಯನ್ನು ನಂಬಿ ನೆಲ ಹಸನು ಮಾಡಿದ ಒಕ್ಕಲು ಮತ್ತು ಪಲ್ಲಕ್ಕಿ ಹೊತ್ತ ಕೇರಿಯ ಜನ. ರಾಜಧಾನಿಯ ಚರಿತ್ರೆಯನ್ನು ಕಲ್ಲುಗಳಲ್ಲಿ ಓದಬಹುದು. ಈ ಪಟ್ಟಣದ ಚರಿತ್ರೆಯನ್ನು ಓದಬೇಕಾದರೆ ಕಾಲುವೆಯ ದಂಡೆಯ ಮೇಲೆ ನಡೆಯಬೇಕು, ವಿಜಯದಶಮಿಯಂದು ಧರ್ಮದಗುಡ್ಡವನ್ನು ಹತ್ತಬೇಕು.